ಪಿತ್ತಕೋಶದ ಕೀಹೋಲ್ ಆಪರೇಷನ್: ಮನೆಗೆ ಬಂದ ಮೇಲೆ ಏನು ನೋಡಬೇಕು?

ಪಿತ್ತಕೋಶ ತೆಗೆಸಿಕೊಂಡವರಲ್ಲಿ ಹೆಚ್ಚಿನವರು ಅದೇ ದಿನ ಇಲ್ಲವೇ ಮಾರನೇ ದಿನ ಮನೆಗೆ ಬರುತ್ತಾರೆ. ಹೊಟ್ಟೆ ಮೇಲೆ ಮೂರು ನಾಲ್ಕು ಪುಟ್ಟ ಗಾಯ, ಅಷ್ಟೆ. ಗಾಯ ಚಿಕ್ಕದು ಅಂತ ಆಪರೇಷನ್ನೂ ಚಿಕ್ಕದು ಅಂದುಕೊಂಡು ಮೈಮರೆಯುವವರನ್ನು ತುಂಬಾ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಪರೇಷನ್‌ಗೆ ಮೊದಲು: ಪಿತ್ತಕೋಶದಲ್ಲಿ ಕಲ್ಲಿದ್ದೂ ತೊಂದರೆ ಇಲ್ಲದಿದ್ದರೆ ಸಾಮಾನ್ಯವಾಗಿ ಆಪರೇಷನ್ ಬೇಕಾಗುವುದಿಲ್ಲ. ನೋವು ಮತ್ತೆ ಮತ್ತೆ ಬರುತ್ತಿದ್ದರೆ ಮುಂದೂಡಬೇಡಿ. ಎಣ್ಣೆ, ನಿಂಬೆರಸ ಕುಡಿದು ಕಲ್ಲು ಬೀಳಿಸುವ ಉಪಾಯವನ್ನಂತೂ ನಂಬಲೇಬೇಡಿ. ಮಲದಲ್ಲಿ ಕಾಣುವ ಹಸಿರು ಉಂಡೆ ಕಲ್ಲಲ್ಲ, ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಿನಂತೆ ಗಟ್ಟಿಯಾಗಿದ್ದು.

ಸರ್ಜನ್ ಹತ್ತಿರ ಒಂದು ಮಾತು ಮೊದಲೇ ಆಡಿಕೊಳ್ಳಿ. ಒಳಗೆ ಊತ ಜಾಸ್ತಿ ಇದ್ದು ನಾಳಗಳು ಸರಿಯಾಗಿ ಕಾಣದಿದ್ದರೆ ಹೊಟ್ಟೆ ತೆರೆದು ಮಾಡಬೇಕಾಗಬಹುದು. ಅದು ಸೋಲಲ್ಲ, ಎಚ್ಚರಿಕೆ. ಈ ಆಪರೇಷನ್‌ನ ದೊಡ್ಡ ಅಪಾಯ ಪಿತ್ತನಾಳಕ್ಕೆ, ಅಂದರೆ ಯಕೃತ್ತಿನಿಂದ ಕರುಳಿಗೆ ಪಿತ್ತರಸ ಒಯ್ಯುವ ಕೊಳವೆಗೆ, ಪೆಟ್ಟಾಗುವುದು. ಸಾವಿರದಲ್ಲಿ ಸುಮಾರು 3ರಿಂದ 5 ಜನರಿಗೆ ಮಾತ್ರ ಹಾಗಾಗುತ್ತದೆ. ಆದರೆ ಆದಾಗ ಬೇಗ ಗೊತ್ತಾಗಬೇಕು.

ಮನೆಗೆ ಬಂದ ಮೇಲೆ: ಕಷ್ಟದ ಘಟ್ಟ ಇದೇ. ಆಪರೇಷನ್ ವೇಳೆ ಹೊಟ್ಟೆ ಉಬ್ಬಿಸಲು ಕಾರ್ಬನ್ ಡೈಆಕ್ಸೈಡ್ ತುಂಬಿರುತ್ತಾರೆ. ಅದು ವಪೆಯನ್ನು (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ) ಕೆರಳಿಸಿ ಭುಜ ನೋಯುತ್ತದೆ. ಹೆದರಬೇಡಿ, ಮನೆಯೊಳಗೇ ನಿಧಾನವಾಗಿ ನಡೆದಾಡಿ. ಎರಡು ಮೂರು ದಿನದಲ್ಲಿ ಇಳಿಯುತ್ತದೆ.

ಹೊಟ್ಟೆನೋವು ಮಾತ್ರ ದಿನದಿಂದ ದಿನಕ್ಕೆ ಕಡಿಮೆಯಾಗಲೇಬೇಕು. ಇವತ್ತಿನದು ನಿನ್ನೆಗಿಂತ ಜಾಸ್ತಿಯಾದರೆ, ಹೊಟ್ಟೆ ಉಬ್ಬಿದರೆ, ಜ್ವರ ಬಂದರೆ, ವಾಂತಿ ನಿಲ್ಲದಿದ್ದರೆ ಒಳಗೆ ಪಿತ್ತರಸ ಸೋರುತ್ತಿರಬಹುದು. ಇದನ್ನು ಗ್ಯಾಸ್ ಅಂತ ತಳ್ಳಿಹಾಕಿ, ಗ್ಯಾಸ್ ಪುಡಿ ಕುಡಿದು ಬೆಳಗಾಗಲಿ ಅಂತ ಕಾಯುವುದೇ ಎಲ್ಲಕ್ಕಿಂತ ಕೆಟ್ಟದ್ದು. ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.

ದಿನಾ ಬೆಳಗ್ಗೆ ಕಿಟಕಿ ಹತ್ತಿರ ನಿಂತು, ಕೆಳಗಿನ ರೆಪ್ಪೆ ಎಳೆದು ಕಣ್ಣಿನ ಬಿಳಿಭಾಗ ನೋಡಿಸಿಕೊಳ್ಳಿ. ಬಲ್ಬಿನ ಬೆಳಕಲ್ಲಿ ಹಳದಿ ಸರಿಯಾಗಿ ಗೊತ್ತಾಗುವುದಿಲ್ಲ, ಹಗಲ ಬೆಳಕೇ ಬೇಕು. ಕಣ್ಣು ಹಳದಿ, ಮೂತ್ರ ಕಡುಬಣ್ಣ, ಮಲ ಬಿಳಿಚಿದ ಬಣ್ಣ ಆದರೆ ಪಿತ್ತನಾಳದಲ್ಲಿ ಕಲ್ಲು ಉಳಿದಿರಬಹುದು, ಇಲ್ಲವೇ ನಾಳಕ್ಕೇ ಪೆಟ್ಟಾಗಿರಬಹುದು. ಆಗಲೂ ಅಷ್ಟೇ, ಕಾಯುವಂತಿಲ್ಲ.

ಊಟ: ಜೀವನಪೂರ್ತಿ ಪಥ್ಯ ಬೇಡ. ಪಿತ್ತರಸ ತಯಾರಿಸುವುದು ಯಕೃತ್ತು, ಪಿತ್ತಕೋಶ ಅದರ ಸಂಗ್ರಹವಷ್ಟೇ. ಈಗ ರಸ ನೇರವಾಗಿ ಕರುಳಿಗೆ ಇಳಿಯುವುದರಿಂದ ಕೆಲವರಿಗೆ ಸ್ವಲ್ಪ ಕಾಲ ಭೇದಿಯಾಗುತ್ತದೆ. ಆಗ ಜಿಡ್ಡು ಕಡಿಮೆ ಮಾಡಿ.

ಭಾರ ಎತ್ತುವುದು ಸರ್ಜನ್ ಒಪ್ಪಿದ ಮೇಲೆ.

ತೆಗೆದ ಪಿತ್ತಕೋಶವನ್ನು ಸಾಮಾನ್ಯವಾಗಿ ಪರೀಕ್ಷೆಗೆ ಕಳಿಸುತ್ತಾರೆ. ಅಪರೂಪಕ್ಕೆ ಕ್ಯಾನ್ಸರ್ ಪತ್ತೆಯಾಗುವುದು ಅಲ್ಲೇ. ನೋವು ಹೋಯ್ತಲ್ಲ ಅಂತ ಆ ರಿಪೋರ್ಟ್ ತರಲು ಎಷ್ಟೋ ಜನ ಹೋಗುವುದೇ ಇಲ್ಲ. ಹೋಗಿ ತನ್ನಿ, ಸರ್ಜನ್‌ಗೆ ತೋರಿಸಿ.