ವೀಕ್ಷಣಾಲಯವೋ ಬಾಲಮಂದಿರವೋ: ಮೊದಲ ದಿನ ನಾನು ನೋಡುವ ಕಾಗದಗಳು

ಪೊಲೀಸರು ಕರೆತಂದ ಮಕ್ಕಳ ಸಾಮಾಜಿಕ ತನಿಖಾ ವರದಿ ಬರೆಯುವುದು ನನ್ನ ಕೆಲಸ. ಮಗುವಿನ ಜೊತೆ ಠಾಣೆಯಿಂದ ಒಂದು ಕಾಗದ ಬರುತ್ತದೆ. ಅದು ಬಾಲ ನ್ಯಾಯ ಮಂಡಳಿಗೆ ಬರೆದದ್ದೋ ಮಕ್ಕಳ ಕಲ್ಯಾಣ ಸಮಿತಿಗೆ ಬರೆದದ್ದೋ ಎಂಬುದರ ಮೇಲೆ ಮಗು ಆ ರಾತ್ರಿ ಮಲಗುವ ಜಾಗ ತೀರ್ಮಾನವಾಗುತ್ತದೆ. 2015ರ ಬಾಲ ನ್ಯಾಯ ಕಾಯ್ದೆಯಂತೆ ಅಪರಾಧದ ಆರೋಪವಿದ್ದರೆ ಮಂಡಳಿ, ಮತ್ತು ವಿಚಾರಣೆ ನಡೆಯುವಾಗ ಮಗುವನ್ನು ಇರಿಸುವ ವೀಕ್ಷಣಾಲಯ. ಪಾಲನೆ ಮತ್ತು ರಕ್ಷಣೆ ಬೇಕಿದ್ದರೆ ಸಮಿತಿ, ಬಾಲಮಂದಿರ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಹಾಜರುಪಡಿಸಬೇಕು. ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ.

ತಪ್ಪು ಹೆಚ್ಚಾಗಿ ಆಗುವುದು ಈ ಮೊದಲ ಕಾಗದದಲ್ಲೇ. ಭಿಕ್ಷೆ ಬೇಡುತ್ತಿದ್ದ, ದುಡಿಮೆಗೆ ಹಚ್ಚಿದ್ದ ಮಗು ಕಾಯ್ದೆಯ ಕಲಂ 2(14)ರ ಪ್ರಕಾರ ರಕ್ಷಣೆ ಬೇಕಾದ ಮಗು. ವರದಿಯಲ್ಲಿ 'ಅನುಮಾನಾಸ್ಪದವಾಗಿ ತಿರುಗಾಡುತ್ತಿದ್ದ' ಎಂದಷ್ಟೇ ಇದ್ದರೆ, ಆರೋಪ ಯಾವ ಕಲಮಿನದು ಎಂದು ಕೇಳುತ್ತೇನೆ. ಉತ್ತರ ಬಾರದಿದ್ದರೆ ಸಮಿತಿಗೆ ಕಳಿಸಲು ಬರೆಯುತ್ತೇನೆ. ಆರೋಪ ಇದ್ದರೂ, ಅಪರಾಧ ಘೋರವಲ್ಲದಿದ್ದರೆ (ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಹೆಚ್ಚು ಇರುವುದು ಘೋರ) ಮತ್ತು ವಯಸ್ಕರ ಜೊತೆ ಸೇರಿ ಮಾಡಿದ್ದಲ್ಲದಿದ್ದರೆ ಎಫ್‌ಐಆರ್ ಹಾಕುವಂತಿಲ್ಲ. ಠಾಣಾ ಡೈರಿಯಲ್ಲಿ ನಮೂದು ಮತ್ತು ನಮೂನೆ 1ರ ಸಾಮಾಜಿಕ ಹಿನ್ನೆಲೆ ವರದಿ ಸಾಕು.

ವಯಸ್ಸಿಗೆ ಮೊದಲು ಶಾಲೆಯ ಜನ್ಮದಿನಾಂಕ ಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪತ್ರ. ಎರಡೂ ಇಲ್ಲದಾಗ ಮಾತ್ರ ವೈದ್ಯಕೀಯ ಪರೀಕ್ಷೆ, ಅದೂ 15 ದಿನದೊಳಗೆ. ಕಲಂ 94ರ ಪಟ್ಟಿಯಲ್ಲಿ ಆಧಾರ್ ಇಲ್ಲ. ಈ ಕ್ರಮ ತಪ್ಪಿಸಿ ನೇರ ಎಕ್ಸ್‌ರೇಗೆ ಕಳಿಸಬಾರದು.

ನನ್ನ ಹೆಚ್ಚಿನ ಶ್ರಮ ಹೋಗುವುದು ಜಾಮೀನಿಗೆ. ಕಲಂ 12ರಲ್ಲಿ ಜಾಮೀನು ನಿರಾಕರಿಸಲು ಮೂರೇ ಕಾರಣಗಳಿವೆ: ಅಪರಾಧಿಗಳ ಸಹವಾಸಕ್ಕೆ ಬೀಳುವ ಸಂಭವ, ಮಗುವಿಗೆ ನೈತಿಕ, ದೈಹಿಕ ಅಥವಾ ಮಾನಸಿಕ ಅಪಾಯ, ನ್ಯಾಯದ ಉದ್ದೇಶಕ್ಕೆ ಭಂಗ. ಇದರಲ್ಲಿ 'ಅಪಾಯ' ಎಂಬ ಮಾತಿನೊಳಗೆ ಮನೆಯಿಲ್ಲದಿರುವುದನ್ನೂ ತುರುಕಿಬಿಡುತ್ತಾರೆ. ಕರೆದೊಯ್ಯುವವರಿಲ್ಲ ಎಂಬ ಒಂದೇ ಕಾರಣಕ್ಕೆ ಮಗು ವೀಕ್ಷಣಾಲಯದಲ್ಲಿ ಕೊಳೆಯುವುದು ನನಗೆ ಸಹಿಸಲಾಗದ ಅನ್ಯಾಯ. ಜಾಮೀನು ಸಿಕ್ಕ ದಿನವೇ ಕ್ಯಾಲೆಂಡರಿನಲ್ಲಿ 7 ದಿನ ಎಣಿಸಿ ಗುರುತು ಹಾಕುತ್ತೇನೆ. ಅಷ್ಟರೊಳಗೆ ಷರತ್ತು ಪೂರೈಸಲಾಗದಿದ್ದರೆ, ಷರತ್ತು ಬದಲಿಸಲು ಮಗುವನ್ನು ಮತ್ತೆ ಮಂಡಳಿಯ ಮುಂದೆ ಹಾಜರುಪಡಿಸಲೇಬೇಕು. ಯಾರೂ ನೆನಪಿಸದಿದ್ದರೆ ಈ ದಿನ ಸದ್ದಿಲ್ಲದೆ ದಾಟಿಹೋಗುತ್ತದೆ.

ಎರಡೂ ಕಡೆ ಸಲ್ಲುವ ಮಕ್ಕಳಿದ್ದಾರೆ. ಹೊಟ್ಟೆಪಾಡಿಗೆ ಕದ್ದ ಮಗುವಿನ ಮೇಲೆ ಆರೋಪವೂ ಇದೆ, ಅದಕ್ಕೆ ಆಸರೆಯೂ ಬೇಕು. ಕಲಂ 8(3)(ಜಿ) ಇದನ್ನು ಸ್ಪಷ್ಟವಾಗಿ ಒಪ್ಪಿ, ವಿಷಯವನ್ನು ಯಾವ ಹಂತದಲ್ಲಾದರೂ ಸಮಿತಿಗೆ ಕಳಿಸುವ ಅಧಿಕಾರವನ್ನು ಮಂಡಳಿಗೆ ಕೊಟ್ಟಿದೆ. ಎರಡು ವಾರದ ಗಡುವಿನ ಸಾಮಾಜಿಕ ತನಿಖಾ ವರದಿಯಲ್ಲಿ, ಅಂದರೆ ನಮೂನೆ 6ರಲ್ಲಿ, ಕೊನೆಯ ಶಿಫಾರಸಿನ ಜಾಗದಲ್ಲಿ ಈ ಕಲಮನ್ನು ಹೆಸರಿಸಿಯೇ ಬರೆಯುತ್ತೇನೆ. 'ಸೂಕ್ತ ಕ್ರಮ ಕೈಗೊಳ್ಳಬಹುದು' ಎಂದು ಬರೆದರೆ ಕಡತ ಅಲ್ಲೇ ಕೂರುತ್ತದೆ.

ವೀಕ್ಷಣಾಲಯದ ಒಳಗೂ ವಯಸ್ಸು, ಲಿಂಗ, ದೇಹ-ಮನಸ್ಸಿನ ಸ್ಥಿತಿ, ಅಪರಾಧದ ತೀವ್ರತೆ ನೋಡಿ ಮಕ್ಕಳನ್ನು ಬೇರೆ ಬೇರೆ ಇಡಬೇಕು. ಘೋರ ಅಪರಾಧದ ಆರೋಪವಿರುವ 16ರಿಂದ 18ರ ವಯಸ್ಸಿನವರಿಗೆ ಇರುವುದು 'ಸುರಕ್ಷಿತ ಸ್ಥಳ' ಎಂಬ ಪ್ರತ್ಯೇಕ ವ್ಯವಸ್ಥೆ. ಭೇಟಿಗೆ ಹೋದಾಗ ಕೊಠಡಿಗಳ ಪಟ್ಟಿಗಿಂತ ಮೊದಲು ಊಟದ ಮತ್ತು ಸ್ನಾನದ ವೇಳೆ ಕೇಳುತ್ತೇನೆ. ಮಲಗಲು ಬೇರೆ ಕೋಣೆ ಕೊಟ್ಟು ಸ್ನಾನಕ್ಕೆ ಎಲ್ಲರನ್ನೂ ಒಟ್ಟಿಗೆ ಬಿಟ್ಟಿದ್ದರೆ ಸಣ್ಣ ಮಕ್ಕಳು ಪೆಟ್ಟು ತಿನ್ನುವುದು ಅಲ್ಲೇ.