ಎದುರು ಎಳೆಯ ಆರ್‌ಎನ್‌ಎ ಕೈಗೆ ಸಿಕ್ಕಿದ್ದು ಹೇಗೆ: ನನ್ನ ಅನುಭವ

"ನೀನು ಅಳೆಯುತ್ತಿರುವುದು ಆಂಟಿಸೆನ್ಸ್ ಅಲ್ಲ, ಆರ್‌ಟಿ ಕಿಣ್ವದ ಕಸ." ನನ್ನ ಸಮಿತಿಯ ಹಿರಿಯರೊಬ್ಬರು ಮೂರು ವರ್ಷಗಳ ಹಿಂದೆ ಎಲ್ಲರೆದುರು ಹೇಳಿದ ಮಾತಿದು. ಆ ದಿನದ ಮಟ್ಟಿಗೆ ಅದು ನಿಜವೇ ಆಗಿತ್ತು. ಈಗ ನಿಜವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆಂಟಿಸೆನ್ಸ್ ಎಂದರೆ ಜೀನಿನ ಎದುರು ಎಳೆಯಿಂದ, ಉಲ್ಟಾ ದಿಕ್ಕಿನಲ್ಲಿ ಹುಟ್ಟುವ ಆರ್‌ಎನ್‌ಎ; ಜೀನಿನದೇ ದಿಕ್ಕಿನದು ಸೆನ್ಸ್. ಆರ್‌ಟಿ ಎಂದರೆ ರಿವರ್ಸ್ ಟ್ರಾನ್ಸ್‌ಕ್ರಿಪ್ಷನ್, ಅಳೆಯಲೆಂದು ಆರ್‌ಎನ್‌ಎಯನ್ನು ಸಿಡಿಎನ್‌ಎ ಎಂಬ ಡಿಎನ್‌ಎ ನಕಲಾಗಿಸುವುದು.

ನಾನು ಹಿಡಿದದ್ದು ಪ್ರಯೋಗಾಲಯಗಳ ಪುಟ್ಟ ಗಿಡ ಅರಾಬಿಡಾಪ್ಸಿಸ್‌ನಲ್ಲಿ ಹೂ ಬಿಡುವುದನ್ನು ತಡೆಯುವ ಎಫ್‌ಎಲ್‌ಸಿ ಜೀನು, ಅದರ ಎದುರು ಎಳೆಯಲ್ಲಿ ಹುಟ್ಟುವ ಕೂಲ್‌ಏರ್ ಎಂಬ ಆಂಟಿಸೆನ್ಸ್ ಆರ್‌ಎನ್‌ಎ. ಇಂಗ್ಲೆಂಡಿನ ನಾರ್ವಿಚ್‌ನ ಜಾನ್ ಇನ್ಸ್ ಸೆಂಟರ್‌ನಲ್ಲಿ ಕ್ಯಾರೊಲಿನ್ ಡೀನ್ ಅವರ ಗುಂಪು 2009ರಲ್ಲಿ ತೋರಿಸಿದ್ದು ಇದು: ಚಳಿ ತಾಗಿದೊಡನೆ ಕೂಲ್‌ಏರ್ ಏರುತ್ತದೆ, ಎಫ್‌ಎಲ್‌ಸಿ ಇಳಿಯುತ್ತದೆ. ಚಳಿ ಬೇಕು ಎಂದರೆ ಚಳಿಯ ಕೋಣೆ ಬೇಕು. ನಮ್ಮಲ್ಲಿ ಇರಲಿಲ್ಲ. ಮುಚ್ಚುತ್ತಿದ್ದ ಜ್ಯೂಸ್ ಅಂಗಡಿಯಿಂದ ಗಾಜಿನ ಬಾಗಿಲಿನ ಹಳೇ ಕೂಲರ್ ತಂದೆ, ಆಟೋ ಬಾಡಿಗೆ ಸೇರಿ ಹನ್ನೊಂದು ಸಾವಿರ ಇರಬೇಕು. ಎಸ್.ಪಿ. ರಸ್ತೆಯಲ್ಲಿ ಡಿಜಿಟಲ್ ಥರ್ಮೋಸ್ಟಾಟ್, ಎಲ್‌ಇಡಿ ಪಟ್ಟಿ, ಟೈಮರ್ ಎಲ್ಲಾ ಸೇರಿ ಎರಡು ಸಾವಿರದ ಚಿಲ್ಲರೆ. 5 ಡಿಗ್ರಿ, ದಿನಕ್ಕೆ 8 ಗಂಟೆ ಬೆಳಕು. ಬೀಜ ಮಾತ್ರ, ಎಫ್‌ಎಲ್‌ಸಿಯನ್ನು ಏರಿಸುವ ಫ್ರಿಜಿಡಾ ಜೀನು ಕೆಲಸ ಮಾಡುವ ಕೊಲಂಬಿಯಾ ತಳಿಯದ್ದು. ಬರೀ ಕೊಲಂಬಿಯಾದಲ್ಲಿ ಎಫ್‌ಎಲ್‌ಸಿಯೇ ಅಷ್ಟಕ್ಕಷ್ಟೆ.

ಮೊದಲ ಆರು ತಿಂಗಳು ಪೂರ್ತಿ ಹಾಳು. ಎದುರು ಎಳೆಯ ಆರ್‌ಎನ್‌ಎಗೆ ಹೊಂದುವ ಪ್ರೈಮರ್ (ನಕಲು ಶುರುವಾಗಲು ಬೇಕಾದ ಪುಟ್ಟ ಡಿಎನ್‌ಎ ತುಣುಕು) ಹಾಕಿ ಆರ್‌ಟಿ ಮಾಡುತ್ತಿದ್ದೆ, ಚಂದದ ಸಿಗ್ನಲ್ ಬರುತ್ತಿತ್ತು. ಕಿಣ್ವ ಹಾಕದ ಕಂಟ್ರೋಲ್ ಸ್ವಚ್ಛವಾಗಿದ್ದರಿಂದ ಡಿಎನ್‌ಎ ಸೋರಿಲ್ಲ ಎಂದು ನಿಶ್ಚಿಂತನಾಗಿದ್ದೆ. ಒಂದು ದಿನ ಕಿಣ್ವ ಹಾಕಿ, ಪ್ರೈಮರ್ ಬಿಟ್ಟು ನೋಡಿದೆ. ಪ್ರೈಮರ್ ಇದ್ದಾಗ ಸಿಟಿ 25, ಇಲ್ಲದಾಗ 26. (ಸಿಡಿಎನ್‌ಎಯನ್ನು ಸುತ್ತುಸುತ್ತಾಗಿ ಹೆಚ್ಚಿಸುತ್ತಾ ಅಳೆಯುವ ಕ್ಯುಪಿಸಿಆರ್‌ನಲ್ಲಿ ಸಿಗ್ನಲ್ ಕಾಣಲು ಬೇಕಾದ ಸುತ್ತುಗಳೇ ಸಿಟಿ; ಅದು ಕಡಿಮೆಯಿದ್ದಷ್ಟೂ ಸರಕು ಹೆಚ್ಚು.) ಆರ್‌ಎನ್‌ಎ ತಾನೇ ಮಡಚಿಕೊಂಡು ತನಗೆ ತಾನೇ ಪ್ರೈಮರ್ ಆಗುತ್ತಿತ್ತು. ಆರು ತಿಂಗಳ ಗ್ರಾಫುಗಳಿಗೆ ಅರ್ಥವೇ ಉಳಿಯಲಿಲ್ಲ.

ಆಮೇಲೆ ಟ್ಯಾಗ್ ಹಿಡಿದೆ. ಪ್ರೈಮರ್‌ನ 5' ತುದಿಗೆ ಗಿಡದಲ್ಲೆಲ್ಲೂ ಇಲ್ಲದ ಇಪ್ಪತ್ತು ಅಕ್ಷರ ಸೇರಿಸಿ, ಕ್ಯುಪಿಸಿಆರ್‌ನಲ್ಲಿ ಒಂದು ಕಡೆಗೆ ಟ್ಯಾಗ್‌ನ ಪ್ರೈಮರ್, ಇನ್ನೊಂದು ಕಡೆಗೆ ಜೀನಿನ ಪ್ರೈಮರ್; ಟ್ಯಾಗ್ ಇಲ್ಲದ ಕಸ ಲೆಕ್ಕಕ್ಕೆ ಬರಬಾರದು. ಇದು ಎಲ್ಲರೂ ಮಾಡುವುದೇ. ಆದರೆ ಆರ್‌ಟಿ ಮುಗಿದ ಮೇಲೂ ಉಳಿದ ಟ್ಯಾಗ್ ಪ್ರೈಮರ್ ಕ್ಯುಪಿಸಿಆರ್‌ಗೆ ಹೋಗಿ, ಅಲ್ಲಿ ಕಸದ ಸಿಡಿಎನ್‌ಎಗೂ ಟ್ಯಾಗ್ ಅಂಟಿಸುತ್ತದೆ. ಟ್ಯಾಗ್ ಪ್ರೈಮರನ್ನು ಬೇಕೆಂದೇ ಆರ್‌ಟಿ ಮುಗಿದ ಮೇಲೆ ಹಾಕಿ ಪರೀಕ್ಷಿಸಿದಾಗಲೂ ಸಿಟಿ 29ರ ಹತ್ತಿರ ಬಂತು. ಈ ಪರೀಕ್ಷೆ ಮಾಡದವರ ಅಂಕಿಗಳನ್ನು ನಾನು ಈಗ ನಂಬುವುದಿಲ್ಲ.

ಪರಿಹಾರ ಎಕ್ಸೋನ್ಯೂಕ್ಲಿಯೇಸ್-1. ಒಂಟಿ ಎಳೆಯ ಡಿಎನ್‌ಎಯನ್ನು ತಿಂದು ಹಾಕುತ್ತದೆ. ಇಲ್ಲಿಯೂ ಎಡವಿದೆ. ಅಭ್ಯಾಸದಂತೆ ಮೊದಲು, ಡಿಎನ್‌ಎಗೆ ಹೆಣೆದ ಆರ್‌ಎನ್‌ಎಯನ್ನು ತಿನ್ನುವ ಆರ್‌ಎನ್‌ಏಸ್-ಎಚ್ ಹಾಕಿದ್ದರಿಂದ ಸಿಡಿಎನ್‌ಎ ಒಂಟಿಯಾಗಿ, ಪ್ರೈಮರ್ ಜೊತೆಗೆ ಅದೂ ಕಿಣ್ವದ ಹೊಟ್ಟೆ ಸೇರಿತು. ಎರಡು ಬ್ಯಾಚ್ ಗಿಡ, ಕಿಣ್ವದ ಲೆಕ್ಕದಲ್ಲೇ ಹದಿನೈದು ಸಾವಿರ ಹೋಯಿತು. ಆರ್‌ಎನ್‌ಎ ಜೊತೆ ಹೆಣೆದುಕೊಂಡಿರುವಾಗಲೇ ಎಕ್ಸೋ ಹಾಕಬೇಕು, ಅದಕ್ಕೂ ಮೊದಲು 95ಕ್ಕೆ ಬಿಸಿ ಮಾಡಲೇಬಾರದು. 37ರಲ್ಲಿ ಅರ್ಧ ಗಂಟೆ, 80ರಲ್ಲಿ ಇಪ್ಪತ್ತು ನಿಮಿಷ, ಆರ್‌ಎನ್‌ಏಸ್-ಎಚ್ ಏನಿದ್ದರೂ ಆಮೇಲೆ.

ಆರ್‌ಟಿಯನ್ನು 55 ಡಿಗ್ರಿಯಲ್ಲಿ ಮಾಡಿ, ಕಿಣ್ವ ತಾನು ಬರೆದ ಎಳೆಯನ್ನೇ ಮತ್ತೆ ನಕಲು ಮಾಡದಂತೆ ಆಕ್ಟಿನೋಮೈಸಿನ್-ಡಿ ಹಾಕಿದೆ, ಮಿಲಿಗೆ 6 ಮೈಕ್ರೋಗ್ರಾಂ ಆಸುಪಾಸು. ವಿಷ, ಬೆಳಕಿಗೂ ಆಗದು, ಫಾಯಿಲ್ ಸುತ್ತಿಡಿ. ಪುಟ್ಟ ಸೀಸೆಗೆ ಒಂಬತ್ತು ಸಾವಿರ ಕೊಟ್ಟ ನೆನಪು. ಈಗ ಪ್ರೈಮರ್ ಇದ್ದರೆ 28, ಇಲ್ಲದಿದ್ದರೆ 36 ದಾಟುತ್ತದೆ. ಟ್ಯಾಗ್‌ನ ಅಕ್ಷರಗಳನ್ನೂ, ಆರ್‌ಟಿ ಶುರುವಾಗುವ ಮೊದಲ ಐದು ನಿಮಿಷದಲ್ಲಿ ನಾನು ಮಾಡುವ ಒಂದು ಕೆಲಸವನ್ನೂ ಸದ್ಯಕ್ಕೆ ಹೇಳುವುದಿಲ್ಲ, ಪ್ರಬಂಧ ಹೊರಬರಲಿ.

ಹಿರಿಯರನ್ನು ಒಪ್ಪಿಸಿದ್ದು ಎರಡು ಸಾಕ್ಷಿ. ಟಿ7 ಕಿಣ್ವದಿಂದ ಬರೀ ಸೆನ್ಸ್ ಎಫ್‌ಎಲ್‌ಸಿ ಆರ್‌ಎನ್‌ಎ ತಯಾರಿಸಿ ನನ್ನ ವಿಧಾನಕ್ಕೆ ಕೊಟ್ಟೆ, ಏನೂ ಬರಲಿಲ್ಲ. (ಅದಕ್ಕಾಗಿ ಜೀನು ಹೊತ್ತ ಡಿಎನ್‌ಎ ಉಂಗುರವನ್ನು, ಅಂದರೆ ಪ್ಲಾಸ್ಮಿಡ್ ಅನ್ನು, ಕತ್ತರಿಸುವಾಗ 3' ತುದಿ ಚಾಚುವ ಕಿಣ್ವ ಬೇಡ, ಟಿ7 ಅಲ್ಲಿ ಹಿಂತಿರುಗಿ ಎದುರು ಎಳೆಯನ್ನೂ ಬರೆದುಬಿಡುತ್ತದೆ.) ಎರಡನೆಯದು ಸ್ಪ್ಲೈಸ್ ಬೆಸುಗೆ, ಅಂದರೆ ಆರ್‌ಎನ್‌ಎಯಿಂದ ಇಂಟ್ರಾನ್ ಎಂಬ ನಡುವಿನ ತುಂಡನ್ನು ತೆಗೆದು ಉಳಿದದ್ದನ್ನು ಕೂಡಿಸಿದ ಜಾಗ. ಕೂಲ್‌ಏರ್‌ನ ಇಂಟ್ರಾನ್ ಗಡಿಗಳು ಎಫ್‌ಎಲ್‌ಸಿಯ ಗಡಿಗಳಲ್ಲ, ಆದ್ದರಿಂದ ಕೂಲ್‌ಏರ್‌ನ ಬೆಸುಗೆಯ ಮೇಲೆ ಕೂರುವ ಪ್ರೈಮರ್‌ಗೆ ಸೆನ್ಸ್ ಕಸ ಸಿಗಲು ಸಾಧ್ಯವೇ ಇಲ್ಲ. ಎರಡು ದಾರಿಯಲ್ಲೂ ಒಂದೇ ಗೆರೆ: ಎರಡು ವಾರದ ಹೊತ್ತಿಗೆ ಕೂಲ್‌ಏರ್ ಬೆಚ್ಚಗಿದ್ದಾಗಿನದರ ಎಂಟು-ಹತ್ತು ಪಟ್ಟು, ಸ್ಪ್ಲೈಸ್ ಆಗದ ಎಫ್‌ಎಲ್‌ಸಿ ಅರ್ಧಕ್ಕಿಂತ ಕೆಳಗೆ. ಜೀನಿನ ಒಂದೇ ಪ್ರತಿಯಲ್ಲಿ ಎರಡೂ ಎಳೆ ಒಟ್ಟಿಗೆ ಓಡುವುದಿಲ್ಲ ಎಂದು ನಾರ್ವಿಚ್‌ನವರು 2016ರಲ್ಲಿ ಕೋಶಕೋಶದಲ್ಲಿ ತೋರಿಸಿದ್ದಕ್ಕೆ ನನ್ನ ಗೆರೆ ಹೊಂದುತ್ತದೆ. ಕೂಲ್‌ಏರ್ ಇಲ್ಲದೆಯೂ ಚಳಿಗೆ ಎಫ್‌ಎಲ್‌ಸಿ ಅಡಗುತ್ತದೆ ಎಂದ 2011ರ ಕೆಲಸವನ್ನು ನಾನು ಮರೆತಿಲ್ಲ. ಬರೀ ಅಳತೆಯಿಂದ ಆ ವಾದ ತೀರುವುದಿಲ್ಲ.

ಅಚ್ಚರಿಯ ಫಲಿತಾಂಶ ಕೂಲರ್ ಕೆಟ್ಟ ರಾತ್ರಿಯದು. ಥರ್ಮೋಸ್ಟಾಟ್ ಸಿಕ್ಕಿಕೊಂಡು ಒಳಗೆಲ್ಲ ಸೊನ್ನೆಗಿಂತ ಕೆಳಗಿಳಿದಿತ್ತು, ಎಲೆಗಳ ಮೇಲೆ ಮಂಜುಗಡ್ಡೆ. ಬಿಸಾಡುವ ಮೊದಲು ನಾಲ್ಕು ಸಸಿ ಕೊಯ್ದಿಟ್ಟೆ. ಇಡೀ ಕೆಲಸದಲ್ಲೇ ಅತಿ ಜೋರಾದ ಕೂಲ್‌ಏರ್ ಅವುಗಳಲ್ಲಿತ್ತು. ಬಯಲಿನ ಮೊದಲ ಹಿಮವೇ ಕೂಲ್‌ಏರನ್ನು ಎಬ್ಬಿಸುತ್ತದೆ ಎಂಬ 2021ರ ವರದಿ ಆಮೇಲೆ ಕಣ್ಣಿಗೆ ಬಿತ್ತು. ಆಗಿನಿಂದ ಬೇಕೆಂದೇ ಎರಡು ಗಂಟೆ ಹಾಗೆ ಇಳಿಸುತ್ತಿದ್ದೇನೆ.

ರಾಗಿಯಲ್ಲೂ ಕೈಯಾಡಿಸಿದೆ. ಉಪ್ಪು ಕೊಟ್ಟಾಗ ಅರಾಬಿಡಾಪ್ಸಿಸ್‌ನಲ್ಲಿ ಎಸ್‌ಆರ್‌ಒ5 ಎಂಬ ಜೀನು ಎದ್ದು, ತನ್ನ ಬಾಲಕ್ಕೆ ಬಾಲ ಹೆಣೆದ, ಪ್ರೋಲಿನ್ ಒಡೆಯುವ ಪಿ5ಸಿಡಿಎಚ್ ಜೀನಿನ ಆರ್‌ಎನ್‌ಎಯನ್ನು ಸಣ್ಣ ಆರ್‌ಎನ್‌ಎಗಳಿಂದ ಕತ್ತರಿಸಿ, ಉಪ್ಪು ತಾಳಲು ನೆರವಾಗುವ ಪ್ರೋಲಿನ್ ಉಳಿಸುತ್ತದಲ್ಲ, ಅಂಥದ್ದು ರಾಗಿಯಲ್ಲಿದೆಯೇ ಎಂಬ ಆಸೆ. ರಾಗಿಗೆ ಎರಡು ಜೀನೋಮು, ಪ್ರತಿ ಜೀನಿಗೂ ಅವಳಿ. ಯಾವ ಪ್ರೈಮರ್ ಯಾವ ಪ್ರತಿಯ ಮೇಲೆ ಕೂತಿತೆಂದು ಬಿಡಿಸಲಾಗದೆ ನಲವತ್ತು ಸಾವಿರ ದಾಟಿದ ಮೇಲೆ ನಿಲ್ಲಿಸಿದೆ. ಬೆಸುಗೆಯ ಉಪಾಯ ಅಲ್ಲಿ ನಡೆಯುತ್ತದೆಯೇ ನೋಡಲು ಪ್ರೈಮರ್ ಆರ್ಡರ್ ಹೋದ ವಾರ ಹಾಕಿದ್ದೇನೆ.