ಪೋಸ್ಟ್‌ಗ್ರೆಸ್‌ಗೆ ಬೇಲಿ ಹಾಕಿದ ಬಗೆ: ನನ್ನ ಅನುಭವ

ಒರಾಕಲ್ ಡೇಟಾಬೇಸ್ ಬಳಸುವವರಿಗೆ ಕೋಟಾ, ಅಂದರೆ ಒಬ್ಬೊಬ್ಬರಿಗೆ ಇಷ್ಟೇ ಜಾಗ ಎಂಬ ಮಿತಿ, ಒಂದು ಸಾಲಿನ ಕೆಲಸ. ನಾನು ಬಳಸುವ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಒಂದು ಡೇಟಾಬೇಸ್‌ಗೆ ಇಷ್ಟೇ ಜಾಗ ಎನ್ನುವ ಸೆಟ್ಟಿಂಗೇ ಇಲ್ಲ. "ಆಗದ ಕೆಲಸ ಮಾರಾಯರೇ, ದೊಡ್ಡ ಡಿಸ್ಕ್ ತೆಗೆದುಕೊಳ್ಳಿ" ಎಂದವರೇ ಹೆಚ್ಚು. ಅದಕ್ಕೆ ನಲವತ್ತು ಸಾವಿರದ ಆಸುಪಾಸು ಬೇಕಿತ್ತು.

ನವಿ ಮುಂಬೈನ ವಾಶಿಯಲ್ಲಿರುವ ನಮ್ಮ ಸರ್ವರ್‌ನಲ್ಲಿ ಮಾಟುಂಗದಿಂದ ಡೊಂಬಿವಲಿವರೆಗಿನ ಹತ್ತಿಪ್ಪತ್ತು ಉಡುಪಿ ಹೋಟೆಲುಗಳ ಬಿಲ್ಲಿಂಗ್ ಇದೆ. ಒಬ್ಬರು ತರಕಾರಿ ಚೀಟಿಗಳ ಫೋಟೋಗಳನ್ನೂ ಡೇಟಾಬೇಸಿಗೇ ತುಂಬಿದರು. ವಾಲ್, ಅಂದರೆ ಪ್ರತಿ ಬದಲಾವಣೆಯನ್ನೂ ಮೊದಲು ಬರೆದಿಡುವ ದಾಖಲೆ, ಬರೆಯಲು ಜಾಗವಿಲ್ಲದೆ ಸರ್ವರ್ ಪ್ಯಾನಿಕ್ ಆಗಿ ನಿಂತಿತು. ಮಧ್ಯಾಹ್ನದ ಊಟದ ಹೊತ್ತು. ಎಲ್ಲರ ಗಲ್ಲೆಯಲ್ಲೂ ಕೈಬರಹದ ಬಿಲ್ಲು, ನನ್ನ ಫೋನಿಗೆ ಬಿಡುವಿಲ್ಲ.

ಮೊದಲು ಹೊತ್ತುಹೊತ್ತಿಗೆ ತಾನೇ ಓಡುವ ಕ್ರಾನ್ ಕೆಲಸ ಇಟ್ಟು, ಗಾತ್ರ ಮೀರಿದ ಡೇಟಾಬೇಸನ್ನು ಓದಲಿಕ್ಕಷ್ಟೇ ಎಂದು ಮಾಡಿ ನೋಡಿದೆ. ಆಗಲೇ ತೆರೆದಿದ್ದ ಸಂಪರ್ಕಗಳು ಅದಕ್ಕೆ ಕವಡೆ ಕಿಮ್ಮತ್ತೂ ಕೊಡಲಿಲ್ಲ. ಲಿನಕ್ಸ್ ಬಳಕೆದಾರರ ಕೋಟಾ ವ್ಯರ್ಥ, ಎಲ್ಲ ಫೈಲ್‌ಗಳ ಒಡೆಯ ಪೋಸ್ಟ್‌ಗ್ರೆಸ್ ಎಂಬ ಬಳಕೆದಾರ ಒಬ್ಬನೇ. ಲೂಪ್ ಫೈಲ್, ಅಂದರೆ ಡಿಸ್ಕಿನಂತೆ ಬಳಸುವ ಫೈಲ್, ನಡೆಯಿತು, ಆದರೆ ಹಿಗ್ಗಿಸುವುದು ರಗಳೆ. ನಡುವೆ ಡೇಟಾ ಹಿಂಡಿ ಚಿಕ್ಕದಾಗಿಸುವ ಎಲ್‌ಝಡ್4 ಕಂಪ್ರೆಷನ್ನೂ ಹಾಕಿದೆ. ಜೆಪೆಗ್ ಫೋಟೋ ಗಾಣದಿಂದ ಹೊರಬಂದ ಕಬ್ಬಿನ ಸಿಪ್ಪೆ, ಇನ್ನೇನು ಹಿಂಡುವುದು!

ಕೊನೆಗೆ ಗೆದ್ದದ್ದು ಎಕ್ಸ್‌ಎಫ್‌ಎಸ್ ಎಂಬ ಲಿನಕ್ಸ್ ಫೈಲ್ ವ್ಯವಸ್ಥೆಯ ಪ್ರಾಜೆಕ್ಟ್ ಕೋಟಾ, ಅಂದರೆ ಡೈರೆಕ್ಟರಿಗೆ ಹಾಕುವ ಮಿತಿ. ಗಿರಾಕಿಗೊಂದು ಟೇಬಲ್‌ಸ್ಪೇಸ್ (ಪೋಸ್ಟ್‌ಗ್ರೆಸ್ ಡೇಟಾ ಇಡುವ ಬೇರೆ ಜಾಗ), ಅದರ ಡೈರೆಕ್ಟರಿಗೆ ಒಂದು ಪ್ರಾಜೆಕ್ಟ್ ಸಂಖ್ಯೆ, ಮೇಲೆ ಕಟ್ಟುನಿಟ್ಟಿನ ಮಿತಿ. ರೀಮೌಂಟ್ ಮಾಡಿದರೆ ಕೋಟಾ ಹತ್ತುವುದಿಲ್ಲ, ಡಿಸ್ಕನ್ನು ಪೂರ್ತಿ ಅನ್‌ಮೌಂಟ್ ಮಾಡಿ, ಅಂದರೆ ವ್ಯವಸ್ಥೆಯಿಂದ ಕಳಚಿ, ಮತ್ತೆ ಜೋಡಿಸಲೇಬೇಕು. ಹೋಟೆಲುಗಳ ಶಟರ್ ಇಳಿದ ಮೇಲೆ ಮಾಡಿದೆ. ಈಗ ಆ ಡೈರೆಕ್ಟರಿಯಲ್ಲಿ ಜಾಗದ ಲೆಕ್ಕ ತೋರಿಸುವ ಡಿಎಫ್ ಆಜ್ಞೆ ಹೊಡೆದರೆ ಇಡೀ ಡಿಸ್ಕೇ ಇಪ್ಪತ್ತು ಜಿಬಿ ಎಂದು ತೋರಿಸುತ್ತದೆ. ನೋಡಲು ಖುಷಿ.

ಮಿತಿ ಮುಟ್ಟಿದರೆ ಆ ಗಿರಾಕಿಯ ಬರಹವಷ್ಟೇ ತಪ್ಪುತ್ತದೆ, ಉಳಿದವರಿಗೆ ಸುದ್ದಿಯೂ ಇಲ್ಲ. ತಾತ್ಕಾಲಿಕ ಫೈಲ್‌ಗಳೂ ಅದೇ ಬೇಲಿಯೊಳಗೆ ಬೀಳುವುದರಿಂದ, ತಿಂಗಳ ಕೊನೆಯ ದೊಡ್ಡ ವರದಿಗಳಿಗೆಂದು ಒಂದೆರಡು ಜಿಬಿ ಹೆಚ್ಚೇ ಇಟ್ಟಿದ್ದೇನೆ. ಇನ್ನೊಂದು ಪೇಚು: ಸಾಲುಗಳನ್ನು ಅಳಿಸಿದರೆ ಜಾಗ ಡಿಸ್ಕಿಗೆ ಮರಳುವುದಿಲ್ಲ, ಅದನ್ನು ಮರಳಿಸಲು ಟೇಬಲನ್ನು ಹೊಸದಾಗಿ ಬರೆಯುವ ವ್ಯಾಕ್ಯೂಮ್ ಫುಲ್ ಮಾಡಬೇಕು, ಆ ಹೊಸ ಪ್ರತಿಗೆ ಬೇಲಿಯೊಳಗೇ ಜಾಗ ಬೇಕು. ಅಷ್ಟು ಹೊತ್ತು ಮಿತಿ ಏರಿಸಿ, ಮುಗಿದೊಡನೆ ಇಳಿಸುತ್ತೇನೆ. ಸರ್ವರ್ ಮರುಚಾಲನೆ ಬೇಕಿಲ್ಲ.

ವಾಲ್ ಇದರಲ್ಲಿ ಸೇರುವುದಿಲ್ಲ, ಅದಕ್ಕೆ ಹಳೆಯದೊಂದು ಎಸ್‌ಎಸ್‌ಡಿ ಕೊಟ್ಟೆ. ಖರ್ಚಾದದ್ದು ಕೇಬಲ್ಲಿನ ನಾನೂರೋ ಐನೂರೋ ರೂಪಾಯಿ. ಬೇಲಿ ತುಂಬುವ ಎರಡು ದಿನ ಮೊದಲೇ ಗಿರಾಕಿಗೆ ಸಂದೇಶ ಹೋಗುವ ಲೆಕ್ಕಾಚಾರವೊಂದಿದೆ, ಅದು ನನ್ನ ಹೊಟ್ಟೆಪಾಡು, ಇಲ್ಲಿ ಬಿಡಿಸಿಡುವುದಿಲ್ಲ. ಫೋಟೋ ಧಣಿಗಳು ಈಗ ಹೆಚ್ಚುವರಿ ಜಾಗಕ್ಕೆ ತಿಂಗಳಿಗೆ ಆರುನೂರು ಕೊಡುತ್ತಾರೆ.